ಒಂದೇ ರಸ್ತೆಯಲ್ಲಿ ಆರು ಬಗೆಯ ಬಸ್ಸು: ಈ ವಿಂಗಡಣೆ ಯಾರ ಅನುಕೂಲಕ್ಕೆ?

ಕಿಟಕಿಪಕ್ಕ

ಬಹುದಿನಗಳಿಂದ ತಲೆ ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು ಈ ಚರ್ಚಾತಾಣದ ಬಲ್ಲವರ ಮುಂದೆ ಇಡುತ್ತಿದ್ದೇನೆ. ಯಾವ ದೊಡ್ಡ ನಗರದ ಬಸ್ ನಕ್ಷೆಯನ್ನು ಬಿಡಿಸಿದರೂ ಎಲ್ಲ ಕಡೆ ನಿಲ್ಲುವ ಸಾಮಾನ್ಯ ಬಸ್ಸು, ಮಿತ ನಿಲುಗಡೆಯ ಬಸ್ಸು, ವೇಗದ ಬಸ್ಸು, ವರ್ತುಲ ಮಾರ್ಗದ ಬಸ್ಸು, ಬಡಾವಣೆಯಿಂದ ರೈಲು ನಿಲ್ದಾಣಕ್ಕೆ ತಂದುಬಿಡುವ ಫೀಡರ್, ರಾತ್ರಿ ಬಸ್ಸು ಎಂದು ನಾಲ್ಕಾರು ಬಗೆಗಳು ಕಾಣುತ್ತವೆ. ಕೆಲವೆಡೆ ಬಣ್ಣ ಬೇರೆ, ಕೆಲವೆಡೆ ಸಂಖ್ಯೆಯ ಜೊತೆಗಿನ ಅಕ್ಷರ ಬೇರೆ, ಇನ್ನು ಕೆಲವೆಡೆ ಟಿಕೆಟ್ ದರವೇ ಬೇರೆ. ನಿಲ್ದಾಣದಲ್ಲಿ ಕಾದು ನಿಂತವನ ಕಣ್ಣೆದುರೇ ಅವನ ದಿಕ್ಕಿಗೇ ಹೋಗುವ ಎರಡು ಬಸ್ಸುಗಳು, ಇಲ್ಲಿ ನಿಲ್ಲುವ ಬಗೆಯವಲ್ಲ ಎಂಬ ಕಾರಣಕ್ಕೆ ದಾಟಿಹೋಗುವುದೂ ಉಂಟು.

ಈ ಬಗೆಗಳನ್ನು ಯಾವ ಆಧಾರದ ಮೇಲೆ ಮಾಡುತ್ತಾರೆ, ಮತ್ತು ಒಂದು ಜಾಲಕ್ಕೆ ಎಷ್ಟು ಬಗೆಗಳು ಸಾಕು ಎಂಬುದನ್ನು ಯಾರಾದರೂ ವಿವರಿಸಬಲ್ಲಿರಾ?

ನಕ್ಷೆಗಾರ

ಆಧಾರ ಒಂದೇ ಇರಬೇಕು: ಆ ಬಸ್ಸು ಜಾಲದಲ್ಲಿ ಮಾಡುವ ಕೆಲಸ. ಇದನ್ನು ಮೊದಲಿಗೆ ಅಚ್ಚುಕಟ್ಟಾಗಿ ಮಾಡಿ ತೋರಿಸಿದ ನಗರಗಳಲ್ಲಿ ಬ್ರೆಜಿಲ್ ದೇಶದ ಕುರಿಟಿಬಾ ಮುಖ್ಯವಾದುದು. ಅಲ್ಲಿ 1974ರಲ್ಲಿ ಪ್ರತ್ಯೇಕ ಪಥದ ಬಸ್ಸು ಆರಂಭವಾಯಿತು. ಕ್ರಮೇಣ ಅದರ ಸುತ್ತ ಒಂದು ಕುಟುಂಬವೇ ಬೆಳೆಯಿತು: ಮುಖ್ಯ ದಾರಿಗಳಲ್ಲಿ ಕೆಂಪು ಬಣ್ಣದ ಉದ್ದನೆಯ ಬಸ್ಸು, ಬಡಾವಣೆಗಳಿಂದ ಟರ್ಮಿನಲ್‌ಗೆ ಬರುವ ಕಿತ್ತಳೆ ಬಣ್ಣದ ಫೀಡರ್, ನಗರಕೇಂದ್ರಕ್ಕೆ ಬಾರದೆ ಬಡಾವಣೆಯಿಂದ ಬಡಾವಣೆಗೆ ಹೋಗುವ ಹಸಿರು ಬಸ್ಸು. 1991ರಲ್ಲಿ ಬೆಳ್ಳಿ ಬಣ್ಣದ, ಕೆಲವೇ ಕಡೆ ನಿಲ್ಲುವ ನೇರ ಬಸ್ಸುಗಳನ್ನು ಸೇರಿಸಿ, ಅವುಗಳಿಗಾಗಿ ಕೊಳವೆಯಾಕಾರದ ಗಾಜಿನ ನಿಲ್ದಾಣಗಳನ್ನು ಕಟ್ಟಿದರು. ಪ್ರಯಾಣಿಕ ಮೊದಲೇ ಹಣ ಕೊಟ್ಟು ಒಳಗೆ ನಿಂತಿರುತ್ತಾನೆ. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಎತ್ತರದಲ್ಲಿರುವುದರಿಂದ ಮೆಟ್ಟಿಲು ಹತ್ತುವ ಗೊಡವೆಯಿಲ್ಲ.

ಗಮನಿಸಬೇಕಾದದ್ದೆಂದರೆ ಇಲ್ಲಿ ಬಣ್ಣ ಬದಲಾದಲ್ಲೆಲ್ಲ ಕೆಲಸವೂ ಬದಲಾಗಿದೆ. ಕೆಲಸ ಅದೇ ಇದ್ದು ಮೆತ್ತನೆಯ ಸೀಟು ಹಾಕಿ ಹೊಸ ಹೆಸರಿಟ್ಟರೆ, ಅದನ್ನು ನಾನು ಹೊಸ ಬಗೆಯ ಸೇವೆಯೆಂದು ಒಪ್ಪುವುದಿಲ್ಲ.

ಸಂಜೆಪಾಳಿ

ಬಣ್ಣ ಯಾವುದಾದರೂ ಇರಲಿ, ಬಸ್ಸು ಬಂದರೆ ಸಾಕು.

ಲೆಕ್ಕದಮೇಷ್ಟ್ರು

ಸಂಜೆಪಾಳಿಯವರು ಒಂದೇ ಸಾಲಿನಲ್ಲಿ ಹೇಳಿದ್ದನ್ನು ಲೆಕ್ಕ ಹಾಕಿ ನೋಡೋಣ.

ಒಂದು ರಸ್ತೆಯಲ್ಲಿ ಗಂಟೆಗೆ 12 ಬಸ್ಸುಗಳಿವೆ, ಅಂದರೆ 5 ನಿಮಿಷಕ್ಕೊಂದು, ಎಂದುಕೊಳ್ಳಿ. ಸರಾಸರಿ ಕಾಯುವಿಕೆ ಎರಡೂವರೆ ನಿಮಿಷ. ಇದರಲ್ಲಿ ಅರ್ಧವನ್ನು ಮಿತ ನಿಲುಗಡೆಯ ಬಸ್ಸಾಗಿ ಮಾಡಿದರೆ ಪ್ರತಿ ಬಗೆಯೂ 10 ನಿಮಿಷಕ್ಕೊಂದಾಗುತ್ತದೆ, ಸರಾಸರಿ ಕಾಯುವಿಕೆ 5 ನಿಮಿಷಕ್ಕೆ ಏರುತ್ತದೆ. ವೇಗ ತಗ್ಗಿಸಿ, ಬಾಗಿಲು ತೆರೆದು, ಮುಚ್ಚಿ, ಮತ್ತೆ ವೇಗ ಹಿಡಿಯಲು ಒಂದು ನಿಲುಗಡೆಗೆ ಸುಮಾರು 25 ಸೆಕೆಂಡು ತಗಲುತ್ತದೆ ಎಂದು ಹಿಡಿದರೆ, 12 ನಿಲ್ದಾಣಗಳನ್ನು ಬಿಟ್ಟುಹೋಗುವ ಬಸ್ಸು 5 ನಿಮಿಷ ಉಳಿಸುತ್ತದೆ. ಅದಕ್ಕಾಗಿಯೇ ಕಾದವನಿಗೆ ನಿವ್ವಳ ಲಾಭ ಎರಡೂವರೆ ನಿಮಿಷ. ಬಿಟ್ಟುಹೋದ ನಿಲ್ದಾಣಗಳಲ್ಲಿ ನಿಂತವರಿಗೆ ಎರಡೂವರೆ ನಿಮಿಷ ಶುದ್ಧ ನಷ್ಟ.

ಅದೇ ರಸ್ತೆಯಲ್ಲಿ ಗಂಟೆಗೆ ನಾಲ್ಕೇ ಬಸ್ಸುಗಳಿದ್ದು ಅವನ್ನೂ ಸಮನಾಗಿ ಒಡೆದರೆ ಏನಾಗುತ್ತದೆ? 15 ನಿಮಿಷಕ್ಕೊಂದು ಬರುತ್ತಿದ್ದುದು 30 ನಿಮಿಷಕ್ಕೊಂದಾಗುತ್ತದೆ. ಸರಾಸರಿ ಕಾಯುವಿಕೆ ಏಳೂವರೆಯಿಂದ 15ಕ್ಕೆ ಏರಿ, ಆ 5 ನಿಮಿಷದ ಉಳಿತಾಯವನ್ನು ನುಂಗಿ ನೀರು ಕುಡಿಯುತ್ತದೆ. ಆದ್ದರಿಂದ ಬಗೆಗಳ ಸಂಖ್ಯೆಯನ್ನು ನಿರ್ಧರಿಸಬೇಕಾದದ್ದು ಆ ರಸ್ತೆಯಲ್ಲಿ ಓಡುವ ಬಸ್ಸುಗಳ ಸಂಖ್ಯೆ. ಬಸ್ಸು ಕಡಿಮೆಯಿರುವಲ್ಲಿ ಬಗೆಯೂ ಒಂದೇ ಇರಲಿ.

ಎರಡನೇಬಾಗಿಲು

ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲಿ ಒಂದು ಕೊರತೆಯಿದೆ. ದೊಡ್ಡ ನಿಲ್ದಾಣದಿಂದ ದೊಡ್ಡ ನಿಲ್ದಾಣಕ್ಕೆ ಹೋಗುವವನು ಎರಡರಲ್ಲಿ ಯಾವುದು ಮೊದಲು ಬಂದರೂ ಹತ್ತಬಹುದಲ್ಲ? ಅವನ ಪಾಲಿಗೆ ಗಂಟೆಗೆ 12 ಬಸ್ಸು ಹಾಗೆಯೇ ಉಳಿದಿವೆ.

ಲೆಕ್ಕದಮೇಷ್ಟ್ರು

ದರ ಒಂದೇ ಆಗಿದ್ದು, ಒಂದೇ ಪಾಸು ಎರಡಕ್ಕೂ ನಡೆದು, ಎರಡೂ ಒಂದೇ ಕಂಬದ ಬಳಿ ನಿಂತರೆ ಮಾತ್ರ ನಿಮ್ಮ ಮಾತು ಸರಿ. ಅನೇಕ ಕಡೆ ವೇಗದ ಬಸ್ಸಿನ ನಿಲ್ದಾಣವನ್ನು ಸಿಗ್ನಲ್ ದಾಟಿ ಆಚೆ ಇಟ್ಟಿರುತ್ತಾರೆ. ಅಲ್ಲಿ ನಿಂತವನಿಗೆ ಈಚೆಗೆ ಬಂದ ಸಾಮಾನ್ಯ ಬಸ್ಸು ಕಾಣುತ್ತದೆ, ಆದರೆ ಓಡಿದರೂ ಸಿಗುವುದಿಲ್ಲ.

ನಕ್ಷೆಗಾರ

ಈ ವಾದಕ್ಕೆ ಲಾಸ್ ಏಂಜಲೀಸ್ ನಗರದ ಅನುಭವಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ. ಅಲ್ಲಿ 2000ದಲ್ಲಿ ಮೆಟ್ರೋ ರ‍್ಯಾಪಿಡ್ ಎಂಬ ಕೆಂಪು ಬಸ್ಸುಗಳನ್ನು ಎರಡು ರಸ್ತೆಗಳಲ್ಲಿ ಆರಂಭಿಸಿದರು. ನಿಲುಗಡೆ ಕಡಿಮೆ, ಸಿಗ್ನಲ್‌ಗಳಲ್ಲಿ ಆದ್ಯತೆ. ಜನ ಮೆಚ್ಚಿದರು, ನಗರದ ಹಲವು ರಸ್ತೆಗಳಿಗೆ ಅದನ್ನು ವಿಸ್ತರಿಸಿದರು. ಕೊನೆಗೆ 2020ರಲ್ಲಿ ಒಪ್ಪಿಗೆ ಪಡೆದ ಮರುವಿನ್ಯಾಸದಲ್ಲಿ ಬಹುತೇಕ ರ‍್ಯಾಪಿಡ್ ಮಾರ್ಗಗಳನ್ನು ಅದೇ ರಸ್ತೆಯ ಸಾಮಾನ್ಯ ಮಾರ್ಗಗಳೊಂದಿಗೆ ವಿಲೀನ ಮಾಡಿದರು. ತೀರಾ ಹತ್ತಿರ ಹತ್ತಿರವಿದ್ದ ನಿಲ್ದಾಣಗಳನ್ನು ಕೂಡಿಸಿ, ಒಂದೇ ಬಗೆಯ ಬಸ್ಸನ್ನು ಹೆಚ್ಚು ಹೆಚ್ಚಾಗಿ ಓಡಿಸುವುದು ಉದ್ದೇಶ. ಬಸ್ಸುಗಳ ದಟ್ಟಣೆ ನಿಜವಾಗಿಯೂ ಇದ್ದ ವಿಲ್‌ಶೈರ್‌ನಂಥ ಬೆರಳೆಣಿಕೆಯ ರಸ್ತೆಗಳಲ್ಲಿ ಮಾತ್ರ ರ‍್ಯಾಪಿಡ್ ಉಳಿಯಿತು.

ಕೊನೆಯನಿಲ್ದಾಣ

ನಿಮ್ಮಿಬ್ಬರ ಮಾತನ್ನೂ ಓದಿದೆ. ಸರಾಸರಿಯ ಮೇಲೆ ಕುಳಿತು ಲೆಕ್ಕ ಹಾಕುವವರು ಮಾರ್ಗದ ತುತ್ತತುದಿಯಲ್ಲಿ ವಾಸಿಸುವವರನ್ನು ಮರೆಯುತ್ತೀರಿ ಎಂದು ನೇರವಾಗಿಯೇ ಹೇಳಬೇಕಾಗಿದೆ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಸ್ಸಿನಲ್ಲಿ ಕಳೆಯುವವನಿಗೆ ಬಿಟ್ಟುಹೋಗುವ ನಿಲ್ದಾಣ 12 ಅಲ್ಲ, 40. ಅವನ ಉಳಿತಾಯ ಕಾಲು ಗಂಟೆಯನ್ನು ದಾಟುತ್ತದೆ. ಅವನಿಗಾಗಿ ಒಂದು ವೇಗದ ಬಸ್ಸನ್ನು ಇಡುವುದು ಐಷಾರಾಮವಲ್ಲ.

ಇದಕ್ಕೆ ಮಧ್ಯದ ದಾರಿಯೂ ಇದೆ. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ 2025ರಲ್ಲಿ ಜಾರಿಗೆ ಬಂದ ಮರುವಿನ್ಯಾಸದಲ್ಲಿ ‘ರಶ್’ ಎಂಬ ಒಂದು ಬಗೆಯನ್ನು ಸೇರಿಸಿದ್ದಾರೆ. ಸಬ್‌ವೇ ಎಂಬ ನೆಲದಡಿಯ ರೈಲಿನಿಂದ ದೂರವಿರುವ ಬಡಾವಣೆಗಳಲ್ಲಿ ಆ ಬಸ್ಸು ಎಲ್ಲ ಕಡೆ ನಿಂತು ಜನರನ್ನು ತುಂಬಿಕೊಳ್ಳುತ್ತದೆ. ಅನಂತರ ಸಬ್‌ವೇ ನಿಲ್ದಾಣದವರೆಗಿನ ಭಾಗದಲ್ಲಿ ನಿಲುಗಡೆ ಬಹಳ ಕಡಿಮೆ. ಆ ಭಾಗದವರಿಗೆ ಬೇರೆ ಬಸ್ಸುಗಳಿವೆ. ತುದಿಯವನಿಗೆ ಕಾಯುವಿಕೆಯೂ ಹೆಚ್ಚುವುದಿಲ್ಲ, ಪ್ರಯಾಣವೂ ಕಡಿಮೆಯಾಗುತ್ತದೆ.

ಹಳೆಯ_ಟೈಂಕೀಪರ್

ಪ್ರಯಾಣಿಕರ ದೃಷ್ಟಿಯಿಂದ ಬಹಳ ಮಾತಾಯಿತು, ಡಿಪೋದ ಒಳಗಿನಿಂದಲೂ ಒಂದಿಷ್ಟು ಹೇಳುತ್ತೇನೆ.

ಬೆಳಗಿನ ಜಾವದಲ್ಲಿ ಬಸ್ಸುಗಳನ್ನು ಮಾರ್ಗಕ್ಕೆ ಬಿಡುವವನ ಕೈಯಲ್ಲಿ ಎರಡು ಪಟ್ಟಿಗಳಿರುತ್ತವೆ: ಓಡಲು ಸಿದ್ಧವಿರುವ ಬಸ್ಸುಗಳದ್ದು ಒಂದು, ಕೆಲಸಕ್ಕೆ ಬಂದ ಚಾಲಕ ಮತ್ತು ನಿರ್ವಾಹಕರದ್ದು ಇನ್ನೊಂದು. ಎಲ್ಲವೂ ಒಂದೇ ಬಗೆಯಾಗಿದ್ದರೆ ಒಂದು ಬಸ್ಸು ಕೆಟ್ಟಾಗ ಪಕ್ಕದಲ್ಲಿ ನಿಂತದ್ದನ್ನು ಕಳುಹಿಸಿ ಕೈತೊಳೆದುಕೊಳ್ಳಬಹುದು. ಐದು ಬಗೆಗಳಿದ್ದು ಪ್ರತಿಯೊಂದಕ್ಕೂ ಬೇರೆ ಬಣ್ಣ, ಬೇರೆ ಉದ್ದ, ಬೇರೆ ಬಾಗಿಲಿದ್ದರೆ ಪ್ರತಿಯೊಂದಕ್ಕೂ ಬೇರೆಯಾಗಿಯೇ ಹೆಚ್ಚುವರಿ ಬಸ್ಸುಗಳನ್ನು ಇಟ್ಟುಕೊಳ್ಳಬೇಕು. ಒಂದು ಮೂಲೆಯಲ್ಲಿ ಮೂರು ಫೀಡರ್ ಬಸ್ಸುಗಳು ಸುಮ್ಮನೆ ನಿಂತಿರುತ್ತವೆ, ಇನ್ನೊಂದು ಕಡೆ ಮುಖ್ಯ ಮಾರ್ಗದ ಒಂದು ಟ್ರಿಪ್ ರದ್ದಾಗಿರುತ್ತದೆ.

ದಟ್ಟಣೆಯ ವೇಳೆಯಲ್ಲಿ ಮಾತ್ರ ಓಡುವ ವೇಗದ ಬಸ್ಸಿನ ಖರ್ಚು ಹೊರಗಿನವರಿಗೆ ಕಾಣುವುದಿಲ್ಲ. ಬೆಳಿಗ್ಗೆ ಅದು ನಗರದೊಳಕ್ಕೆ ತುಂಬಿ ಬರುತ್ತದೆ, ಹೊರಕ್ಕೆ ಖಾಲಿ ಹೋಗುತ್ತದೆ. ಮಧ್ಯಾಹ್ನವಿಡೀ ನಿಂತಿರುತ್ತದೆ. ಸಂಜೆ ಮತ್ತೆ ಅದೇ ಕಥೆ, ದಿಕ್ಕು ಮಾತ್ರ ತಿರುಗುಮುರುಗು. ಸಿಬ್ಬಂದಿಗೋ ಬೆಳಿಗ್ಗೆ ನಾಲ್ಕು ತಾಸು, ಸಂಜೆ ನಾಲ್ಕು ತಾಸು ಎಂದು ಒಡೆದ ಪಾಳಿ. ನಡುವೆ ಮನೆಗೆ ಹೋಗಿ ಬರುವಷ್ಟು ಸಮಯವೂ ಇಲ್ಲ, ವಿಶ್ರಾಂತಿ ಕೋಣೆಯಲ್ಲಿ ನಿದ್ದೆಯೂ ಬಾರದು. ಬಸ್ಸು ಎಷ್ಟು ತುಂಬಿತು ಎಂದು ಎಲ್ಲರೂ ಕೇಳುತ್ತಾರೆ, ದಿನಕ್ಕೆ ಎಷ್ಟು ಗಂಟೆ ದುಡಿಯಿತು ಎಂದು ಯಾರೂ ಕೇಳುವುದಿಲ್ಲ.

ಎರಡನೇಬಾಗಿಲು

ಹಾಗಾದರೆ ಫೀಡರ್‌ಗೆ ಚಿಕ್ಕ ಬಸ್ಸು ಬಳಸಿ ಹಣ ಉಳಿಸುತ್ತೇವೆ ಎಂದು ಹೇಳುವುದು?

ಹಳೆಯ_ಟೈಂಕೀಪರ್

ಇಂಧನದಲ್ಲಿ ಸ್ವಲ್ಪ ಉಳಿಯುತ್ತದೆ, ನಿಜ. ಆದರೆ ಚಿಕ್ಕ ಬಸ್ಸಿಗೂ ಪೂರ್ತಿ ಒಬ್ಬ ಚಾಲಕ ಬೇಕೇ ಬೇಕು, ಬಹುತೇಕ ಕಡೆ ಓಡಾಟದ ಖರ್ಚಿನ ದೊಡ್ಡ ಪಾಲು ಸಿಬ್ಬಂದಿಯದೇ. ಕಿರಿದಾದ ಅಡ್ಡರಸ್ತೆಯಲ್ಲಿ ದೊಡ್ಡ ಬಸ್ಸು ತಿರುಗಲಾರದು ಎಂಬ ಕಾರಣಕ್ಕೆ ಚಿಕ್ಕದನ್ನು ಬಿಡಿ, ಒಪ್ಪುತ್ತೇನೆ. ಅಗ್ಗ ಎಂಬ ಕಾರಣಕ್ಕೆ ಬೇಡ.

ಕಿಟಕಿಪಕ್ಕ

ಟೈಂಕೀಪರ್ ಅವರೇ, ವರ್ತುಲ ಮಾರ್ಗಗಳ ಬಗ್ಗೆಯೂ ಹೇಳಿ. ನಕ್ಷೆಯ ಮೇಲೆ ಅವು ಬಹಳ ಚೆನ್ನಾಗಿ ಕಾಣುತ್ತವೆ.

ಹಳೆಯ_ಟೈಂಕೀಪರ್

ನಕ್ಷೆಯ ಮೇಲೆ ಮಾತ್ರ! ಸಾಮಾನ್ಯ ಮಾರ್ಗಕ್ಕೆ ಎರಡು ತುದಿಗಳಿರುತ್ತವೆ, ತುದಿಯಲ್ಲಿ ಐದೋ ಹತ್ತೋ ನಿಮಿಷದ ವಿರಾಮವಿರುತ್ತದೆ. ದಾರಿಯಲ್ಲಿ ಆರು ನಿಮಿಷ ತಡವಾದ ಬಸ್ಸು ಆ ವಿರಾಮದಲ್ಲಿ ತನ್ನ ತಡವನ್ನು ಕಳೆದುಕೊಂಡು ಸಮಯಕ್ಕೆ ಸರಿಯಾಗಿ ಹಿಂದಿರುಗುತ್ತದೆ. ಪೂರ್ಣ ವರ್ತುಲಕ್ಕೆ ತುದಿಯೇ ಇಲ್ಲ. ಮೊದಲ ಸುತ್ತಿನ ತಡ ಎರಡನೆಯ ಸುತ್ತಿಗೆ ಬಡ್ಡಿಸಮೇತ ವರ್ಗಾವಣೆಯಾಗುತ್ತದೆ. ಮುಂದಿನ ಬಸ್ಸು ತಡವಾದಷ್ಟೂ ಅದಕ್ಕೆ ಹೆಚ್ಚು ಜನ ಹತ್ತುತ್ತಾರೆ, ಹಿಂದಿನದು ಖಾಲಿಯಾಗಿ ಬಂದು ಅದರ ಬೆನ್ನಿಗೆ ಅಂಟಿಕೊಳ್ಳುತ್ತದೆ. ಇದನ್ನು ತಪ್ಪಿಸಲು ವರ್ತುಲದ ಯಾವುದೋ ಒಂದು ನಿಲ್ದಾಣದಲ್ಲಿ ಪ್ರಯಾಣಿಕರನ್ನು ಒಳಗೆ ಕೂರಿಸಿಕೊಂಡೇ ಬಸ್ಸನ್ನು ನಿಲ್ಲಿಸುತ್ತಾರೆ, ಚಾಲಕ ಇಳಿದು ಹೋಗುತ್ತಾನೆ, ಬದಲಿ ಚಾಲಕ ಬಂದು ಕನ್ನಡಿ ಸರಿಮಾಡಿ, ಸೀಟು ಹಿಂದಕ್ಕೆ ಮುಂದಕ್ಕೆ ಎಳೆದು ಹೊರಡುವವರೆಗೆ ಒಳಗಿದ್ದವರ ಗೊಣಗಾಟ ಕೇಳಬೇಕು.

ನಕ್ಷೆಗಾರ

ಲಂಡನ್ ಈ ಗಂಟನ್ನು ಜಾಣತನದಿಂದ ಬಿಡಿಸಿದೆ. 2023ರಲ್ಲಿ ಅಲ್ಲಿ ಹೊರವಲಯದ ಸುತ್ತ ಸೂಪರ್‌ಲೂಪ್ ಎಂಬ ವೇಗದ ಸೇವೆಯನ್ನು ಆರಂಭಿಸಿದರು. ಹೆಸರಿನಲ್ಲಿ ಉಂಗುರವಿದೆ, ನಕ್ಷೆಯಲ್ಲೂ ಉಂಗುರವೇ ಕಾಣುತ್ತದೆ, ಆದರೆ ಯಾವ ಬಸ್ಸೂ ಪೂರ್ತಿ ಸುತ್ತು ಹಾಕುವುದಿಲ್ಲ. ಎಸ್‌ಎಲ್ ಎಂಬ ಅಕ್ಷರಗಳ ಜೊತೆಗೆ ಒಂದೊಂದು ಸಂಖ್ಯೆಯಿರುವ ಬೇರೆ ಬೇರೆ ಮಾರ್ಗಗಳು ತುದಿಗೆ ತುದಿ ಸೇರಿ ಬಹುಮಟ್ಟಿಗೆ ಉಂಗುರವಾಗಿವೆ. ಇಡೀ ನಗರವನ್ನು ಬಸ್ಸಿನಲ್ಲಿ ಸುತ್ತಿ ಹೊರಟ ಜಾಗಕ್ಕೇ ಬರುವವರು ನಮ್ಮಂಥ ಬಸ್ ಹುಚ್ಚರು ಮಾತ್ರ, ಆದ್ದರಿಂದ ಯಾರಿಗೂ ನಷ್ಟವಿಲ್ಲ.

ಕೊನೆಯನಿಲ್ದಾಣ

ಫೀಡರ್ ವಿಷಯಕ್ಕೆ ಮರಳೋಣ, ಏಕೆಂದರೆ ಬಗೆಗಳ ವಿಂಗಡಣೆಯಲ್ಲಿ ಅತಿ ಹೆಚ್ಚು ಜನ ನೊಂದಿರುವುದು ಅದರಿಂದಲೇ. ಚಿಲಿ ದೇಶದ ಸ್ಯಾಂಟಿಯಾಗೋ ನಗರದಲ್ಲಿ 2007ರ ಫೆಬ್ರವರಿ 10ರಂದು ಟ್ರಾನ್ಸ್‌ಸ್ಯಾಂಟಿಯಾಗೋ ಎಂಬ ಹೊಸ ವ್ಯವಸ್ಥೆಯನ್ನು ಒಂದೇ ದಿನದಲ್ಲಿ ಜಾರಿಗೆ ತಂದರು. ಮನೆಯ ಬಳಿಯಿಂದ ಕೆಲಸದ ಸ್ಥಳದವರೆಗೆ ನೇರವಾಗಿ ಹೋಗುತ್ತಿದ್ದ ಹಳೆಯ ಬಸ್ಸುಗಳು ಹೋಗಿ, ಮುಖ್ಯ ಮಾರ್ಗ ಮತ್ತು ಫೀಡರ್ ಎಂಬ ಎರಡು ಬಗೆಗಳು ಬಂದವು. ಬಸ್ಸುಗಳು ಸಾಲಲಿಲ್ಲ, ಪ್ರತ್ಯೇಕ ಪಥಗಳೂ ಮುಂಗಡ ಪಾವತಿಯ ನಿಲ್ದಾಣಗಳೂ ಸಿದ್ಧವಿರಲಿಲ್ಲ, ಜನರೆಲ್ಲ ಮೆಟ್ರೋಗೆ ನುಗ್ಗಿ ಅಲ್ಲಿ ಉಸಿರಾಡಲೂ ಜಾಗವಿಲ್ಲದಂತಾಯಿತು. ಆಗಿನ ಅಧ್ಯಕ್ಷೆ ಮಿಶೆಲ್ ಬಾಚೆಲೆಟ್ ನಾಗರಿಕರ ಕ್ಷಮೆಯನ್ನೇ ಕೇಳಬೇಕಾಯಿತು. ಕೆಲವು ವರ್ಷಗಳ ನಂತರ ಗುತ್ತಿಗೆಗಳನ್ನು ಬದಲಿಸುವಾಗ ಮುಖ್ಯ ಮಾರ್ಗ ಮತ್ತು ಫೀಡರ್ ಎಂಬ ಭೇದವನ್ನೇ ಕೈಬಿಟ್ಟರು.

ಹಾಗಾಗಿ ನಕ್ಷೆಗಾರರು ಹೇಳುವ ‘ಕೆಲಸಕ್ಕೆ ತಕ್ಕ ಬಗೆ’ ಎಂಬ ತತ್ತ್ವವನ್ನು ಕಣ್ಣುಮುಚ್ಚಿ ಒಪ್ಪಲಾರೆ.

ನಕ್ಷೆಗಾರ

ಅದೇ ತತ್ತ್ವ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಗೆದ್ದಿದೆಯಲ್ಲ, ಸರ್! 2004ರ ಜುಲೈ 1ರಂದು ಅಲ್ಲಿಯೂ ಒಂದೇ ದಿನದಲ್ಲಿ ಬದಲಾವಣೆಯಾಯಿತು. ದೂರದ ಮುಖ್ಯ ಮಾರ್ಗಗಳಿಗೆ ನೀಲಿ, ಬಡಾವಣೆಯ ಫೀಡರ್‌ಗಳಿಗೆ ಹಸಿರು, ಉಪನಗರಗಳಿಂದ ಬರುವ ವೇಗದ ಬಸ್ಸುಗಳಿಗೆ ಕೆಂಪು, ನಗರಕೇಂದ್ರದಲ್ಲಿ ಸುತ್ತುವುದಕ್ಕೆ ಹಳದಿ. ಮೊದಲ ದಿನಗಳಲ್ಲಿ ಅಲ್ಲಿಯೂ ಗೊಂದಲವಾಯಿತು, ಕಾರ್ಡ್ ಯಂತ್ರಗಳು ಕೈಕೊಟ್ಟವು. ಆದರೆ ರಸ್ತೆಯ ನಡುವಿನ ಬಸ್ ಪಥಗಳು ಜೊತೆಯಲ್ಲೇ ಬಂದವು, ಮತ್ತು ದರವನ್ನು ಪ್ರಯಾಣದ ಒಟ್ಟು ದೂರಕ್ಕೆ ಕಟ್ಟಿದರು. ನಿಗದಿತ ಅವಧಿಯೊಳಗೆ ಹಸಿರಿನಿಂದ ಇಳಿದು ನೀಲಿ ಹತ್ತಿದರೆ ಹೊಸದಾಗಿ ಮೂಲ ದರ ಕೊಡಬೇಕಾಗಿಲ್ಲ. ಬದಲಾಯಿಸುವುದಕ್ಕೆ ದಂಡ ಹಾಕುವ ದರಪಟ್ಟಿಯಿದ್ದರೆ ಫೀಡರ್ ಎಂಬುದು ಎಲ್ಲಿಯೂ ನಿಲ್ಲದು.

ಕೊನೆಯನಿಲ್ದಾಣ

ದರ ಒಂದೇ ಸಾಲದು. ಫೀಡರ್‌ನಿಂದ ಇಳಿದವನು ಮಳೆಯಲ್ಲಿ ಎಷ್ಟು ದೂರ ನಡೆಯಬೇಕು, ಮುಂದಿನ ಬಸ್ಸಿಗೆ ಎಷ್ಟು ಹೊತ್ತು ಕಾಯಬೇಕು ಎಂಬುದನ್ನೂ ಸೇರಿಸಿ. ಮುಖ್ಯ ಮಾರ್ಗದಲ್ಲಿ 5 ನಿಮಿಷಕ್ಕೊಂದು ಬಸ್ಸಿಲ್ಲದ ಕಡೆ ಜನರ ನೇರ ಬಸ್ಸನ್ನು ಕಿತ್ತು ಫೀಡರ್ ಮಾಡುವುದು ಅನ್ಯಾಯ.

ಸಂಜೆಪಾಳಿ

ಇದಕ್ಕೆ ನನ್ನ ಸಹಿಯೂ ಇರಲಿ.

ದಪ್ಪಕನ್ನಡಕ

ಎಲ್ಲರೂ ಬಣ್ಣದ ಬಗ್ಗೆ ಇಷ್ಟು ಸಲೀಸಾಗಿ ಬರೆಯುತ್ತಿರುವುದನ್ನು ಓದಿ ಈ ಮಾತು ಹೇಳಬೇಕೆನಿಸಿತು. ಕೆಂಪು ಹಸಿರುಗಳ ವ್ಯತ್ಯಾಸ ಸರಿಯಾಗಿ ಕಾಣದವರು ಪುರುಷರಲ್ಲಿ ಕಡಿಮೆಯೇನಿಲ್ಲ. ಸೋಡಿಯಂ ದೀಪದ ಕೆಳಗೆ ಕಿತ್ತಳೆಯೂ ಹಳದಿಯೂ ಒಂದೇ. ಬಸ್ಸಿನ ಮೈತುಂಬ ಜಾಹೀರಾತು ಅಂಟಿಸಿದ ಮೇಲಂತೂ ಮೂಲ ಬಣ್ಣ ಯಾವುದೆಂದು ಕಣ್ಣು ಚೆನ್ನಾಗಿರುವವರೂ ಹೇಳಲಾರರು. ನನ್ನಂಥವರಿಗೆ ಬೇಕಾದದ್ದು ಮುಂದಿನ ಫಲಕದಲ್ಲಿ ದೊಡ್ಡದಾದ, ಒಂದೇ ಕಡೆ ನಿಂತಿರುವ ಸಂಖ್ಯೆ. ಸಂಖ್ಯೆ, ಊರು, ‘ಸ್ವಾಗತ’ ಎಂದು ಓಡುತ್ತಲೇ ಇರುವ ಅಕ್ಷರಗಳಲ್ಲಿ ಸಂಖ್ಯೆ ಬರುವಷ್ಟರಲ್ಲಿ ಬಸ್ಸು ನನ್ನನ್ನು ದಾಟಿರುತ್ತದೆ.

ನಕ್ಷೆಗಾರ

ನೂರಕ್ಕೆ ನೂರು ಸರಿ. ಬಗೆಯನ್ನು ಸಂಖ್ಯೆಯೊಳಗೇ ಅಡಗಿಸಿದ ನಗರಗಳಿವೆ. ಸೋಲ್‌ನ ನೀಲಿ ಬಸ್ಸಿಗೆ ಮೂರು ಅಂಕಿಗಳು: ಮೊದಲನೆಯದು ಹೊರಡುವ ವಲಯ, ಎರಡನೆಯದು ತಲುಪುವ ವಲಯ, ಮೂರನೆಯದು ಕ್ರಮಸಂಖ್ಯೆ. ಹಸಿರಿಗೆ ನಾಲ್ಕು ಅಂಕಿಗಳು. ಬಣ್ಣ ಕಾಣದವನೂ ಅಂಕಿಗಳನ್ನು ಎಣಿಸಿ ಇವೆರಡನ್ನು ಬೇರೆಯಾಗಿ ಗುರುತಿಸಬಹುದು. ಹಾಂಗ್‌ಕಾಂಗ್‌ನಲ್ಲಿ ಸಂಖ್ಯೆಯ ಮುಂದೆ ‘ಎ’ ಇದ್ದರೆ ವಿಮಾನ ನಿಲ್ದಾಣ, ‘ಎನ್’ ಇದ್ದರೆ ರಾತ್ರಿ, ಕೊನೆಯಲ್ಲಿ ‘ಎಕ್ಸ್’ ಇದ್ದರೆ ವೇಗ, ‘ಎಂ’ ಇದ್ದರೆ ಮೆಟ್ರೋ ನಿಲ್ದಾಣಕ್ಕೆ ಹೋಗುವುದು. ಬಾರ್ಸಿಲೋನಾ 2012ರಿಂದ 2018ರವರೆಗೆ ಹಂತಹಂತವಾಗಿ ಕಟ್ಟಿದ ಹೊಸ ಜಾಲದಲ್ಲಿ ಅಕ್ಷರ ದಿಕ್ಕನ್ನೇ ಹೇಳುತ್ತದೆ: ಕಡಲ ತೀರಕ್ಕೆ ಸಮಾನಾಂತರವಾಗಿ ಹೋಗುವುದಕ್ಕೆ ‘ಎಚ್’, ಕಡಲಿನಿಂದ ಬೆಟ್ಟದ ಕಡೆಗೆ ‘ವಿ’, ಓರೆಯಾಗಿ ಹೋಗುವುದಕ್ಕೆ ‘ಡಿ’.

ಎರಡನೇಬಾಗಿಲು

ಹಾಂಗ್‌ಕಾಂಗ್‌ನ ಅಕ್ಷರಗಳು ಅಷ್ಟಕ್ಕೇ ನಿಲ್ಲುವುದಿಲ್ಲ. ‘ಪಿ’ ಎಂದರೆ ದಟ್ಟಣೆಯ ವೇಳೆ, ‘ಆರ್’ ಎಂದರೆ ವಿಹಾರ, ‘ಎಸ್’ ಎಂದರೆ ವಿಶೇಷ. ಅಲ್ಲಿನವರಿಗೆ ಬಾಯಿಪಾಠವಾಗಿರಬಹುದು. ಹೊಸಬನಿಗೆ ವರ್ಣಮಾಲೆಯ ಪರೀಕ್ಷೆ.

ಲೆಕ್ಕದಮೇಷ್ಟ್ರು

ಬಗೆಗಳ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೂ ನಾನು ಮೆಚ್ಚುವ ವಿಂಗಡಣೆ ಇವುಗಳಲ್ಲಿ ಒಂದೂ ಅಲ್ಲ, ಅಮೆರಿಕದ ಹ್ಯೂಸ್ಟನ್ ನಗರದ್ದು. 2015ರ ಆಗಸ್ಟ್‌ನಲ್ಲಿ ಅವರು ಇಡೀ ಜಾಲವನ್ನು ಹೊಸದಾಗಿ ಎಳೆದು, ನಕ್ಷೆಯಲ್ಲಿ ಮಾರ್ಗಗಳನ್ನು ಕಾಯುವ ಸಮಯಕ್ಕೆ ಅನುಗುಣವಾಗಿ ಬಣ್ಣಿಸಿದರು. ಕೆಂಪು ಎಂದರೆ 15 ನಿಮಿಷ ಅಥವಾ ಅದಕ್ಕಿಂತ ಬೇಗ, ವಾರದ ಏಳೂ ದಿನ. ನೀಲಿ ಎಂದರೆ ಸುಮಾರು ಅರ್ಧ ಗಂಟೆ, ಹಸಿರು ಎಂದರೆ ಒಂದು ಗಂಟೆ. ಬಸ್ಸಿನ ಮೈಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ, ಯಾವ ಬಸ್ಸನ್ನು ಯಾವ ಮಾರ್ಗಕ್ಕೆ ಬೇಕಾದರೂ ಕಳುಹಿಸಬಹುದು. ಟೈಂಕೀಪರ್ ಅವರ ಹೆಚ್ಚುವರಿ ಬಸ್ಸಿನ ತಲೆನೋವೂ ಇಲ್ಲ.

ಹಳೆಯ_ಟೈಂಕೀಪರ್

ನನಗಂತೂ ಒಪ್ಪಿಗೆ.

ಕೊನೆಯನಿಲ್ದಾಣ

ಭಾನುವಾರವೂ ಕೆಂಪು ಕೆಂಪಾಗಿಯೇ ಉಳಿದರೆ ನನಗೂ ಒಪ್ಪಿಗೆ. ಸಾಮಾನ್ಯವಾಗಿ ರಜಾದಿನ ಬಂದೊಡನೆ ಮೊದಲ ಕತ್ತರಿ ಬೀಳುವುದು ಅಂಥ ಮಾರ್ಗಕ್ಕೇ.

ಸಂಜೆಪಾಳಿ

ರಾತ್ರಿ ಬಸ್ಸಿನ ಬಗ್ಗೆ ಯಾರೂ ಬರೆಯಲಿಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ. ಹಗಲಿನ ಮಾರ್ಗವನ್ನೇ ಗಂಟೆಗೊಂದರಂತೆ ರಾತ್ರಿಯಲ್ಲೂ ಓಡಿಸಿದರೆ ಅದು ರಾತ್ರಿ ಸೇವೆಯಾಗುವುದಿಲ್ಲ. ತಡರಾತ್ರಿಯಲ್ಲಿ ಹೋಗುವವರೂ ಬೇರೆ, ಹೋಗುವ ಸ್ಥಳಗಳೂ ಬೇರೆ: ಆಸ್ಪತ್ರೆ, ಸಗಟು ಮಾರುಕಟ್ಟೆ, ಕಾರ್ಖಾನೆಯ ಗೇಟು, ಕಚೇರಿಗಳನ್ನು ಗುಡಿಸಿ ಒರೆಸುವವರ ಕೆಲಸದ ಜಾಗ. ಸೋಲ್‌ನಲ್ಲಿ 2013ರಲ್ಲಿ ರಾತ್ರಿ ಬಸ್ಸುಗಳ ಮಾರ್ಗಗಳನ್ನು ನಿರ್ಧರಿಸುವಾಗ ತಡರಾತ್ರಿಯ ಮೊಬೈಲ್ ಕರೆಗಳು ಎಲ್ಲಿಂದ ಹೆಚ್ಚಾಗಿ ಹೋಗುತ್ತವೆ ಎಂಬುದನ್ನು ನೋಡಿ, ಆ ಜಾಗಗಳನ್ನು ಜೋಡಿಸಿದರು. ರಾತ್ರಿಯಲ್ಲಿ ಒಂದೇ ಬಸ್ಸು ಹಗಲಿನ ಎರಡು ಮೂರು ಮಾರ್ಗಗಳನ್ನು ಬಳಸಿ ಸುತ್ತಿ ಹೋದರೂ ಚಿಂತೆಯಿಲ್ಲ, ರಸ್ತೆ ಖಾಲಿಯಿರುತ್ತದೆ. ಮಿತ ನಿಲುಗಡೆ ಮಾತ್ರ ಬೇಡ. ಕತ್ತಲಲ್ಲಿ ಒಂದು ನಿಲ್ದಾಣದಷ್ಟು ನಡೆಯುವುದು ಹೆಂಗಸರಿಗೆ ಹಗಲಿನಲ್ಲಿ ನಡೆದಂತಲ್ಲ.

ದಪ್ಪಕನ್ನಡಕ

ರಾತ್ರಿ ನಿಲ್ದಾಣಗಳ ನಡುವೆ ಕೇಳಿದಲ್ಲಿ ಇಳಿಸುವ ಪದ್ಧತಿ ಕೆಲವು ನಗರಗಳಲ್ಲಿದೆ. ಅದಕ್ಕೆ ಹೊಸ ಬಸ್ಸೂ ಬೇಡ, ಹೊಸ ಬಣ್ಣವೂ ಬೇಡ.

ಎರಡನೇಬಾಗಿಲು

ವೇಗದ ಬಸ್ಸಿನ ಪರವಾಗಿ ಒಂದು ಎಚ್ಚರಿಕೆ ಸೇರಿಸುತ್ತೇನೆ. ಮುಂದಿನ ಸಾಮಾನ್ಯ ಬಸ್ಸನ್ನು ಹಿಂದಿಕ್ಕಲು ಜಾಗವಿಲ್ಲದ ರಸ್ತೆಯಲ್ಲಿ ವೇಗದ ಬಸ್ಸು ಎಂಬುದು ಫಲಕದ ಮೇಲಿನ ಬರಹ ಅಷ್ಟೆ. ಕೊಲಂಬಿಯಾ ದೇಶದ ಬೊಗೋಟಾ ನಗರದ ಪ್ರತ್ಯೇಕ ಪಥದ ಬಸ್ ವ್ಯವಸ್ಥೆಯಾದ ಟ್ರಾನ್ಸ್‌ಮಿಲೇನಿಯೊ 2000ದ ಕೊನೆಯಲ್ಲಿ ಆರಂಭವಾದಾಗ ನಿಲ್ದಾಣಗಳ ಬಳಿ ಹಿಂದಿಕ್ಕುವ ಪಥವನ್ನು ಇಟ್ಟಿದ್ದರಿಂದಲೇ ಒಂದೇ ದಾರಿಯಲ್ಲಿ ಎಲ್ಲ ಕಡೆ ನಿಲ್ಲುವ ಬಸ್ಸೂ ಬಿಟ್ಟುಹೋಗುವ ಬಸ್ಸೂ ಒಟ್ಟಿಗೆ ಓಡಲು ಸಾಧ್ಯವಾಯಿತು.

ಕಿಟಕಿಪಕ್ಕ

ಎಲ್ಲರಿಗೂ ಧನ್ಯವಾದಗಳು. ಹಾಗಿದ್ದರೆ ಇನ್ನೂ ಒಂದು ಸಂದೇಹ. ಒಂದು ರಸ್ತೆಯಲ್ಲಿ ಗಂಟೆಗೆ ಎಂಟು ಬಸ್ಸುಗಳಿದ್ದು, ಅರ್ಧದಷ್ಟು ಪ್ರಯಾಣಿಕರು ತುದಿಯಿಂದ ತುದಿಗೆ ಹೋಗುವವರಾದರೆ, ಒಡೆಯಬೇಕೇ, ಬೇಡವೇ?

ಲೆಕ್ಕದಮೇಷ್ಟ್ರು

ಬೇಡ. ಮೊದಲು ನಿಲ್ದಾಣಗಳ ನಡುವಿನ ಅಂತರವನ್ನು ಅಳೆಯಿರಿ. 200 ಮೀಟರಿಗೊಂದು ನಿಲ್ದಾಣವಿದ್ದರೆ ಅದನ್ನು 400ಕ್ಕೆ ತನ್ನಿ. ಎಂಟು ಬಸ್ಸುಗಳೂ ವೇಗವಾಗುತ್ತವೆ.

ಕೊನೆಯನಿಲ್ದಾಣ

ಒಡೆಯಿರಿ. ಬೆಳಿಗ್ಗೆ ಮತ್ತು ಸಂಜೆ ಎರಡೆರಡು ಗಂಟೆ ಮಾತ್ರ, ಅದೂ ಎಂಟರಲ್ಲಿ ಮೂರನ್ನು. ನಿಲ್ದಾಣಗಳನ್ನು ತೆಗೆಯಿಸುವುದು ಎಷ್ಟು ಸುಲಭ ಎಂದು ಮೇಷ್ಟ್ರು ಯಾವುದಾದರೂ ಆಸ್ಪತ್ರೆಯ ಮುಂದಿನ ನಿಲ್ದಾಣದಿಂದಲೇ ಆರಂಭಿಸಿ ನೋಡಲಿ.

ಹಳೆಯ_ಟೈಂಕೀಪರ್

ಆ ಮೂರು ಬಸ್ಸುಗಳ ಒಡೆದ ಪಾಳಿಗೆ ಸಿಬ್ಬಂದಿಯನ್ನು ಒಪ್ಪಿಸುವ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದನ್ನೂ ಕೊನೆಯನಿಲ್ದಾಣದವರು ತಿಳಿಸಿದರೆ ಒಳ್ಳೆಯದು.